ಎರೆ ಹಿತ್ತಲಿನಲ್ಲಿ ಭೋಗಿ ಪಲ್ಯ: ವಿಜಯಪುರದ ಒಂದು ಮನೆಯ ಚಳಿಗಾಲದ ತಯಾರಿ

ವಿಜಯಪುರದ ಅಂಚಿನ ಬಡಾವಣೆಯೊಂದರಲ್ಲಿ ಮನೆಯ ಹಿಂದೆ 20 ಅಡಿ ಅಗಲ, 16 ಅಡಿ ಉದ್ದದ ಹಿತ್ತಲು. ಮಣ್ಣು ಅಪ್ಪಟ ಎರೆ, ಅಂದರೆ ಕಪ್ಪು ಜೇಡಿ. ಮನೆಯವರು ನಮ್ಮನ್ನು ಕೇಳಿದ್ದು ಒಂದೇ: ಜನವರಿಯಲ್ಲಿ ಭೋಗಿ ದಿನದ ಪಲ್ಯಕ್ಕೆ ಬದನೆ, ಗಜ್ಜರಿ (ಕ್ಯಾರೆಟ್), ಸುಲಗಾಯಿ (ಹಸಿ ಕಡಲೆ), ಮೆಂತೆ, ಹಸಿ ಉಳ್ಳಾಗಡ್ಡಿ ಸಂತೆಯಿಂದ ಬರಬಾರದು, ಹಿತ್ತಲಿನಿಂದಲೇ ಬರಬೇಕು. ಹಿಂದಿನ ವರ್ಷವೂ ಅದೇ ಆಸೆಯಿಂದ ದುಡಿದಿದ್ದರು. ಕೈಗೆ ಸಿಕ್ಕಿದ್ದು ಎರಡು ಹಿಡಿ ಮೆಂತೆ, ಕವಲೊಡೆದ ನಾಲ್ಕು ಗಜ್ಜರಿ. ‘ಬೀಜಾನ ಖೊಟ್ಟಿ ಇದ್ದುವ್ರಿ, ಅಂಗಡ್ಯಾಂವ ಮೋಸ ಮಾಡ್ಯಾನ’ ಎಂದು ಮನೆಯ ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಬೀಜದ್ದು ತಪ್ಪಿರಲಿಲ್ಲ.

ಹಿಂದಿನ ವರ್ಷ ನಡೆದದ್ದು ಹೀಗೆ. ಮಹಾನವಮಿ ರಜೆಗೆ ಮಕ್ಕಳು ಊರಿಗೆ ಬಂದರು, ಕೈಗಳು ಸಿಕ್ಕವು. ಎರಡು ದಿನದ ಹಿಂದಷ್ಟೇ ಹಸ್ತ ಮಳೆ ಸುರಿದಿತ್ತು. ನೆಲ ಮೆತ್ತಗಿದೆ, ಅಗೆಯುವುದು ಸುಲಭ ಎಂದು ಗುದ್ದಲಿ ಹಾಕಿದರು. ಮಣ್ಣು ಹಲಗೆ ಹಲಗೆಯಾಗಿ ಎದ್ದಿತು. ನಾಲ್ಕು ದಿನದ ಬಿಸಿಲಿಗೆ ಆ ಹಲಗೆಗಳೆಲ್ಲ ಇಟ್ಟಂಗಿಯಂಥ ಹೆಂಟೆಯಾದವು. ಹೆಂಟೆ ಒಡೆಯಲು ಬೋರ್‌ವೆಲ್ ನೀರು ದಿನಾ ಸಂಜೆ ಚಿಮುಕಿಸಿದರು. ಹೆಂಟೆಯ ಸಂದಿಗೆ ಬಿದ್ದ ಬೀಜ ಮೂರಿಂಚು ಆಳಕ್ಕೆ ಹೋಯಿತು, ಹೆಂಟೆಯ ಮೇಲೆ ಉಳಿದದ್ದು ಗುಬ್ಬಿಗಳ ಪಾಲಾಯಿತು. ಅಲ್ಲಲ್ಲಿ ಎದ್ದ ಪಾಲಕ್ ಹಳದಿ ತಿರುಗಿತು, ಟೊಮ್ಯಾಟೊ ಎಲೆ ಮುಟುರಿ ನಿಂತಿತು.

ಇದರಲ್ಲಿ ಚಳಿಯ ಪಾತ್ರ ಎಲ್ಲಿಯೂ ಇಲ್ಲ. ಚಳಿಗಾಲಕ್ಕೆ ತೋಟ ಸಿದ್ಧಪಡಿಸುವುದೆಂದರೆ ಗಿಡಗಳಿಗೆ ಹೊದಿಕೆ ಹೊದಿಸುವುದು ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ಹಿಮ ಬೀಳುವ ದೇಶಗಳ ಮಾತು. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲು ಚೆನ್ನಾಗಿ ಕಾಯುತ್ತದೆ. ಸೊಪ್ಪು, ಗಡ್ಡೆ, ಟೊಮ್ಯಾಟೊಗಳಿಗೆ ಇದಕ್ಕಿಂತ ಒಳ್ಳೆಯ ಕಾಲವೇ ಇಲ್ಲ. ಎರೆ ನೆಲದಲ್ಲಿ ಚಳಿಗಾಲದ ತಯಾರಿ ಎಂದರೆ ಹದ ಹಿಡಿಯುವುದು, ಅಂದರೆ ಮಣ್ಣು ತೀರಾ ಹಸಿಯೂ ಅಲ್ಲದ, ತೀರಾ ಒಣಗಿಯೂ ಇಲ್ಲದ ದಿನ ನೋಡಿ ಅಗೆಯುವುದು. ಹಿಂಗಾರಿ ಜೋಳ ಬಿತ್ತುವ ರೈತನಿಗೆ ಗೊತ್ತಿರುವ ಈ ಮಾತು, ಅದೇ ಮಣ್ಣಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಮರೆತುಹೋಗಿರುತ್ತದೆ.

ನೆಲ, ನೀರು, ನೆರಳು

ಸೆಪ್ಟೆಂಬರ್ ಮೂರನೇ ವಾರದಲ್ಲಿ ನಾಲ್ಕು ಪರೀಕ್ಷೆ ಮಾಡಲಾಯಿತು.

ಮೊದಲನೆಯದು ಗುಂಡಿ. ಒಂದಡಿ ಆಳ, ಒಂದಡಿ ಅಗಲ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಬಿಡಬೇಕು. ಎರಡನೇ ಸಲ ತುಂಬಿದ ನೀರು ಮರುದಿನವೂ ಮೂರಿಂಚು ನಿಂತಿತ್ತು. ಬೇರು ಉಸಿರಾಡಲು ಇಷ್ಟು ನಿಧಾನದ ನೆಲ ಸಾಲದು. ಸಮತಟ್ಟು ಮಡಿ ಇಲ್ಲಿ ನಡೆಯುವುದಿಲ್ಲ, ಏರು ಮಡಿಯೇ ಬೇಕು. ಗುಂಡಿ ತೋಡುವಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಮೇಲಿನ ಮೂರು, ನಾಲ್ಕು ಇಂಚು ಎರೆಯೇ ಅಲ್ಲ. ಮನೆ ಕಟ್ಟಿದಾಗ ಉಳಿದ ಸಿಮೆಂಟ್ ಪುಡಿ, ಇಟ್ಟಂಗಿ ಚೂರು, ಸುಣ್ಣ.

ಎರಡನೆಯದು ಮಣ್ಣು. ಐದು ಕಡೆಯಿಂದ ಆರಿಂಚು ಆಳದ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, ಕಲಸಿ, ಅದರಲ್ಲಿ ಅರ್ಧ ಕಿಲೊ ಪರೀಕ್ಷೆಗೆ ಕೊಡಲಾಯಿತು. ರಸಸಾರ (ಪಿಎಚ್) 8.7 ಬಂತು. ಎರೆ ಮಣ್ಣಿನಲ್ಲಿ ಸುಣ್ಣ ಸಹಜ, ಅದರಿಂದ ರಸಸಾರ 8ರ ಮೇಲೆ ಇರುವುದೂ ಸಹಜ. ಆದರೆ 8.5 ದಾಟಿದರೆ ಸೋಡಿಯಂ ಸೇರಿಕೊಂಡಿದೆಯೇ ಎಂದು ಅನುಮಾನ ಪಡಬೇಕು. ಸೋಡಿಯಂ ಹೆಚ್ಚಾದ ಜೇಡಿಕಣಗಳು ಮಳೆಗೆ ಕರಗಿ ಗಾರೆಯಂತೆ ಅಂಟಿಕೊಳ್ಳುತ್ತವೆ, ಒಣಗಿದಾಗ ಹಕ್ಕಳೆ ಕಟ್ಟುತ್ತವೆ.

ಮೂರನೆಯದು ನೀರು. ಸೋಡಿಯಂ ಎಲ್ಲಿಂದ ಬಂತು ಎಂಬುದಕ್ಕೆ ಪ್ರಯೋಗಾಲಯ ಬೇಕಾಗಲೇ ಇಲ್ಲ, ಅಡುಗೆಮನೆಯೇ ಹೇಳಿತು. ಬೋರ್‌ವೆಲ್ ನೀರು ಬಾಯಿಗೆ ಹಾಕಿದರೆ ಸವಳು. ಹಿತ್ತಲಿಗೆ ಸುರಿಯುತ್ತಿದ್ದುದು ಈ ನೀರನ್ನೇ. ದಿನಾ ಸ್ವಲ್ಪ ಸ್ವಲ್ಪ ಸುರಿದರೆ ನೀರು ಆರಿಹೋಗಿ ಉಪ್ಪು ಮೇಲಿನ ಎರಡಿಂಚಿನಲ್ಲೇ ಉಳಿಯುತ್ತದೆ. ಮೊಳಕೆ ಒಡೆಯುವ ಬೀಜ ಇರುವುದೂ ಆ ಎರಡಿಂಚಿನಲ್ಲೇ.

ನಾಲ್ಕನೆಯದು ನೆರಳು. ಹಿತ್ತಲಿನ ದಕ್ಷಿಣಕ್ಕೆ ಐದಡಿ ಕಂಪೌಂಡು. ಬೇಸಿಗೆಯಲ್ಲಿ ಅದರ ನೆರಳು ಲೆಕ್ಕಕ್ಕೇ ಬರುವುದಿಲ್ಲ. ಡಿಸೆಂಬರ್ ಕೊನೆಗೆ ಮಾತ್ರ ವಿಜಯಪುರದಲ್ಲಿ ನಡುಮಧ್ಯಾಹ್ನದ ಸೂರ್ಯನೂ ಸುಮಾರು 50 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಐದಡಿ ಗೋಡೆ ನಾಲ್ಕಡಿಗೂ ಮಿಕ್ಕಿ ನೆರಳು ಚೆಲ್ಲುತ್ತದೆ. ಹಿಂದಿನ ವರ್ಷ ಟೊಮ್ಯಾಟೊ ನೆಟ್ಟದ್ದು ಸರಿಯಾಗಿ ಆ ನಾಲ್ಕಡಿಯೊಳಗೆ. ಸೆಪ್ಟೆಂಬರ್‌ನ ಬಿಸಿಲು ನೋಡಿ ಜಾಗ ಆರಿಸಿದರೆ ಆಗುವ ಎಡವಟ್ಟು ಇದು.

ಹೀಗಾಗಿ ದಕ್ಷಿಣದ ಆರಡಿ ಪಟ್ಟಿಯನ್ನು ಗೊಬ್ಬರದ ಗುಂಡಿಗೆ, ಮೂಲೆಯ ಲಿಂಬಿ ಗಿಡಕ್ಕೆ, ಕರಿಬೇವಿಗೆ ಬಿಟ್ಟು, ಉಳಿದ ಹತ್ತಡಿಯಲ್ಲಿ ಉತ್ತರ ದಕ್ಷಿಣವಾಗಿ ನಾಲ್ಕು ಮಡಿ ಗುರುತಿಸಲಾಯಿತು. ಒಂದೊಂದೂ 10 ಅಡಿ ಉದ್ದ, 3 ಅಡಿ ಅಗಲ. ನಡುವೆ ಒಂದೂವರೆ ಅಡಿ ಕಾಲುದಾರಿ. ಮೂರಡಿಗಿಂತ ಅಗಲ ಬೇಡ, ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಎರೆ ಮಡಿಯ ಮೇಲೆ ಒಮ್ಮೆ ಕಾಲಿಟ್ಟರೂ ಆ ಹೆಜ್ಜೆ ಋತು ಮುಗಿಯುವ ತನಕ ಉಳಿಯುತ್ತದೆ.

ಮಳೆಗೆ ಮುಂಚೆ ಮಾಡಿದ್ದು

ಸೆಪ್ಟೆಂಬರ್ ಕೊನೆಯ ವಾರ ಬಿಸಿಲು ಬಿತ್ತು. ಸಿಮೆಂಟ್ ಪುಡಿಯ ಪದರವನ್ನು ಸಲಿಕೆಯಿಂದ ಕೆರೆದು ಹೊರಹಾಕಲಾಯಿತು. ಆಗ್ನೇಯ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಗೋಡೆಯ ಪಾಯಕ್ಕೆ ತಾಗುತ್ತದೆ ಎಂದು ಮನೆಯವರು ಒಪ್ಪಲಿಲ್ಲ, ಅದರ ಫಲ ಮುಂದೆ ಬರುತ್ತದೆ.

ಕಸದಲ್ಲಿ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆಯಾದರೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು, ಹೂ ಬಂದ ಮೇಲೆ ಬೇಡ. ಕೈಗೆ ಚೀಲ ಕಟ್ಟಿಕೊಂಡೇ ಕೀಳಬೇಕು, ಹಲವರಿಗೆ ಮೈ ತುರಿಸುತ್ತದೆ. ಜೇಕನ್ನು ಗುದ್ದಲಿಯಿಂದ ಕೊಚ್ಚಬಾರದು. ನೆಲದೊಳಗಿನ ಗಡ್ಡೆಗಳ ಸರ ತುಂಡಾಗಿ ಒಂದೊಂದು ಗಡ್ಡೆಯೂ ಹೊಸ ಗಿಡವಾಗುತ್ತದೆ. ಕಳೆ ತೆಗೆಯುವ ಕುರ್ಚಿಗಿಯಿಂದ ಬುಡ ಸಡಿಲಿಸಿ ಗಡ್ಡೆ ಸಮೇತ ಎತ್ತಬೇಕು.

ಬಳಿಕ ಮಡಿಗಳ ಜಾಗದ 200 ಚದರಡಿಗೆ 6 ಕಿಲೊ ಜಿಪ್ಸಂ ಮೇಲೇ ಹರಡಿ ಬಿಡಲಾಯಿತು, ಅಗೆಯಲಿಲ್ಲ. ಜಿಪ್ಸಂನ ಕ್ಯಾಲ್ಸಿಯಂ ಜೇಡಿಕಣದ ಮೇಲಿನ ಸೋಡಿಯಂ ಜಾಗ ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ಕೆಳಗೆ ತೊಳೆದುಹೋಗಲು ಸಿಹಿ ನೀರು ಬೇಕು, ಆ ನೀರು ಮಳೆಯದ್ದೇ ಆಗಿರಬೇಕು. ಹಸ್ತ, ಚಿತ್ತಿ ಮಳೆ ಮುಗಿದ ಮೇಲೆ ಜಿಪ್ಸಂ ಹಾಕಿ ಸವಳು ನೀರು ಬಿಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ. ಸೋಡಿಯಂ ಇಲ್ಲದ, ಬರೀ ಸುಣ್ಣದ ಎರೆಗೆ ಜಿಪ್ಸಂ ಹಾಕಿದರೆ ದುಡ್ಡು ದಂಡ. ಪರೀಕ್ಷೆ ಮಾಡಿಸಿ ಎನ್ನುವುದು ಅದಕ್ಕೇ.

ಇಲ್ಲಿ ಒಂದು ಜಗಳ ನಡೆಯಿತು. ವರ್ಷಪೂರ್ತಿ ಕೂಡಿಟ್ಟ ಒಲೆ ಬೂದಿ, ತತ್ತಿ ಸಿಪ್ಪೆ ಎರಡು ಡಬ್ಬಿ ತುಂಬಿದ್ದವು. ‘ಬೂದಿ ಹಾಕಿದ್ರ ಛಲೋ ಅಂತಾರಲ್ಲರೀ?’ ಅಂತಾರೆ, ಆದರೆ ಅದು ಹುಳಿ ಗುಣದ ಮಲೆನಾಡಿನ ಕೆಂಪು ಮಣ್ಣಿಗೆ ಒಪ್ಪುವ ಮಾತು. ಸುಣ್ಣ ತುಂಬಿದ ಎರೆಗೆ ಬೂದಿ ಸುರಿದರೆ ರಸಸಾರ ಇನ್ನಷ್ಟು ಏರುತ್ತದೆ. ತತ್ತಿ ಸಿಪ್ಪೆಯೂ ಸುಣ್ಣವೇ, ಇಲ್ಲದ ಕೊರತೆ ತುಂಬಲು ಹೊರಟಂತೆ. ಮರಳು ಬೆರೆಸುವ ಸಲಹೆಯನ್ನೂ ಬಿಡಲಾಯಿತು. ಎರೆಯ ಗುಣ ಬದಲಾಗಬೇಕಾದರೆ ಮರಳು ಹೆಚ್ಚುಕಡಿಮೆ ಅರ್ಧಕ್ಕರ್ಧ ಬೇಕು, ನಾಲ್ಕು ಬುಟ್ಟಿ ಹಾಕಿದರೆ ಗಾರೆಯಾಗುತ್ತದೆ. ಟ್ರ್ಯಾಕ್ಟರ್‌ನಲ್ಲಿ ಮಸಾರಿ (ಕೆಂಪು) ಮಣ್ಣು ತಂದು ಮೇಲೆ ಮೂರಿಂಚು ಹರಡುವುದೂ ಅಷ್ಟೇ: ಬೆರೆಸದೆ ಹಾಸಿದರೆ ನೀರು ಎರಡು ಮಣ್ಣು ಕೂಡುವಲ್ಲಿ ನಿಂತು ಬೇರು ಕೊಳೆಯುತ್ತದೆ.

ಸಸಿಗಳು ಅಷ್ಟರಲ್ಲಿ ಪಡಸಾಲೆಯ ಹೊರಗೆ ಬೆಳೆಯುತ್ತಿದ್ದವು. ಚೆಂಡು ಹೂವಿನ ಬೀಜ ಸೆಪ್ಟೆಂಬರ್ 15ಕ್ಕೆ, ಬದನೆ 25ಕ್ಕೆ, ಟೊಮ್ಯಾಟೊ ಅಕ್ಟೋಬರ್ 1ಕ್ಕೆ. 98 ಕುಳಿಯ ಟ್ರೇ, ತೆಂಗಿನ ನಾರಿನ ಪುಡಿ, ನೀರು ಮಾತ್ರ ನಳದ್ದು. ಟ್ರೇಗಳ ಮೇಲೆ ಬಿದಿರು ಕಡ್ಡಿ ಬಗ್ಗಿಸಿ 40 ಮೆಶ್‌ನ (ಇಂಚಿಗೆ 40 ಕಣ್ಣಿನ) ನೈಲಾನ್ ಪರದೆ ಮೊದಲ ದಿನದಿಂದಲೇ. ಎಲೆ ಮುಟುರು ರೋಗವನ್ನು ಬಿಳಿ ನೊಣ ಅಂಟಿಸುವುದು ಬಹುಪಾಲು ಸಸಿ ಎಳೆಯದಾಗಿದ್ದಾಗಲೇ. ನೆಟ್ಟ ಮೇಲೆ ಎಲೆ ಮುಟುರಿದ್ದು ಕಂಡು ಔಷಧಿ ಹೊಡೆದರೆ ನೊಣ ಸತ್ತೀತು, ಗಿಡದೊಳಗಿನ ವೈರಸ್ ಸಾಯುವುದಿಲ್ಲ.

ಹದದ ಎರಡು ದಿನ

ಚಿತ್ತಿ ಮಳೆ ಅಕ್ಟೋಬರ್ 14ರ ರಾತ್ರಿ ಚೆನ್ನಾಗಿ ಬಂತು. 16ಕ್ಕೆ ಮನೆಯವರು ಗುದ್ದಲಿ ಹಿಡಿದು ನಿಂತಿದ್ದರು, ತಡೆಯಬೇಕಾಯಿತು.

ಪರೀಕ್ಷೆ ಸರಳ. ನಾಲ್ಕಿಂಚು ಕೆಳಗಿನ ಮಣ್ಣು ಹಿಡಿ ತೆಗೆದು ಒತ್ತಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಬೇಕು. 16ರಂದು ಉಂಡೆ ನೆಲಕ್ಕೆ ಬಿದ್ದು ಚಪ್ಪಟೆಯಾಗಿ ಅಂಟಿಕೊಂಡಿತು: ಹಸಿ. 18ರಂದು ಎರಡು ಹೋಳಾಯಿತು. 20ರಂದು ಐದಾರು ತುಂಡಾಗಿ ಉದುರಿತು, ಬೆರಳಿಗೆ ಮಣ್ಣು ಮೆತ್ತಲಿಲ್ಲ. ಅದೇ ಹದ. ಮೇಲ್ಮೈ ನೋಡಿ ಹೇಳಿದರೆ ಮೋಸ ಹೋಗುತ್ತೀರಿ. 17ಕ್ಕೇ ಮೇಲೆಲ್ಲ ಒಣಗಿ ಕೂದಲೆಳೆಯ ಬಿರುಕು ಕಂಡಿತ್ತು, ಒಳಗಿನ್ನೂ ಮುದ್ದೆಯೇ ಇತ್ತು. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಉಂಡೆಯೇ ಕಟ್ಟುತ್ತಿರಲಿಲ್ಲ, ಗುದ್ದಲಿ ಠಣ್ ಎನ್ನುತ್ತಿತ್ತು. ಇಂಥ ನೆಲದಲ್ಲಿ ಹದ ಎರಡು, ಮೂರು ದಿನದ ಅತಿಥಿ, ರಜೆ ನೋಡಿಕೊಂಡು ಬರುವುದಿಲ್ಲ.

20 ಮತ್ತು 21ರಂದು ಎಂಟು, ಒಂಬತ್ತು ಇಂಚು ಆಳ ಸಡಿಲಿಸಿ, ಕಾಲುದಾರಿಯ ಮೇಲ್ಮಣ್ಣನ್ನೂ ಎಳೆದು ಮಡಿಗೆ ಹಾಕಿ, ಏಳಿಂಚು ಎತ್ತರ ಕಟ್ಟಲಾಯಿತು. ಕಾಲುದಾರಿ ತಾನಾಗಿ ಕಾಲುವೆಯಾಯಿತು, ಅದರ ಇಳಿಜಾರು ಮನೆಯ ಹೊರಗಿನ ಗಟಾರದ ಕಡೆಗೆ. ಪ್ರತಿ ಮಡಿಗೆ ಹಾಕಿದ್ದು: ಪೂರ್ತಿ ಕಳಿತ ತಿಪ್ಪೆಗೊಬ್ಬರ ಎರಡೂವರೆ ಬುಟ್ಟಿ, ಅಂದರೆ ಸುಮಾರು 25 ಕಿಲೊ, ಬೇವಿನ ಹಿಂಡಿ ಅರ್ಧ ಕಿಲೊ, ಸೂಪರ್ ಫಾಸ್ಫೇಟ್ 150 ಗ್ರಾಂ. ಫಾಸ್ಫೇಟನ್ನು ಗೊಬ್ಬರದಲ್ಲಿ ಕಲಸಿಯೇ ಹಾಕಬೇಕು. ನೇರ ಮಣ್ಣಿಗೆ ಉದುರಿಸಿದರೆ ಅಲ್ಲಿನ ಸುಣ್ಣ ಅದನ್ನು ಬಹುಮಟ್ಟಿಗೆ ಕಟ್ಟಿಹಾಕಿ ಬೇರಿಗೆ ಸಿಗದಂತೆ ಮಾಡುತ್ತದೆ. ಕಾಲುದಾರಿಗೆ ಕಬ್ಬಿನ ರವದಿ (ಒಣ ಎಲೆ) ಎರಡಿಂಚು ಹಾಸಲಾಯಿತು.

ಭೋಗಿಯಿಂದ ಹಿಂದಕ್ಕೆ ಎಣಿಕೆ

ಸಂಕ್ರಾಂತಿಯ ಹಿಂದಿನ ದಿನ ಭೋಗಿ, ಜನವರಿ 13 ಎಂದು ಹಿಡಿಯಿರಿ. ಬಿತ್ತಿದ ಗಜ್ಜರಿ ಕೀಳಲು 85ರಿಂದ 90 ದಿನ. ಸುಲಗಾಯಿ ತುಂಬಲು 75ರಿಂದ 80. ಬದನೆ ಸಸಿ ನೆಟ್ಟ ಮೇಲೆ ಮೊದಲ ಕಾಯಿಗೆ 60ರ ಆಸುಪಾಸು. ಮೂಲಂಗಿ 45. ಮೆಂತೆ 28ರಿಂದ 30. ಸಣ್ಣ ಗಡ್ಡೆ ಊರಿದರೆ ಹಸಿ ಉಳ್ಳಾಗಡ್ಡಿಗೆ 45ರಿಂದ 50. ಈ ಲೆಕ್ಕದಲ್ಲಿ ಗಜ್ಜರಿ ಅಕ್ಟೋಬರ್ 15ಕ್ಕೇ ನೆಲಕ್ಕೆ ಬೀಳಬೇಕಿತ್ತು. ಹದ ಬಂದದ್ದೇ 20ಕ್ಕೆ. ಹದ ಬಿಟ್ಟು ಭೋಗಿ ಹಿಡಿಯಲು ಹೋದರೆ ಹಿಂದಿನ ವರ್ಷದ ಕಥೆಯೇ ಆಗುತ್ತದೆಂದು ಗಜ್ಜರಿಯ ಮಟ್ಟಿಗೆ ತಡವನ್ನು ಒಪ್ಪಿಕೊಳ್ಳಲಾಯಿತು.

ಪಶ್ಚಿಮದ ಮೊದಲ ಮಡಿಗೆ ಲಿಂಬಿ ಗಿಡದ ನೆರಳು ಬೀಳುತ್ತದೆ. ಅಲ್ಲಿ ಪಾಲಕ್, ಸಬ್ಬಸಿಗೆ, ಕೊತ್ತಂಬರಿ. ಎರಡನೆಯದರಲ್ಲಿ ಮೆಂತೆ, ಮೂಲಂಗಿ, ಗಜ್ಜರಿ. ಮೂರನೆಯದರಲ್ಲಿ ಟೊಮ್ಯಾಟೊ. ನಾಲ್ಕನೆಯದರಲ್ಲಿ ಬದನೆ ಮತ್ತು ಕಡಲೆ, ಅಂಚಿಗೆ ಉಳ್ಳಾಗಡ್ಡಿ. ಬೆಂಡೆ, ಸೌತೆ, ಹೀರೆ ಬೇಕೆಂದು ಮಕ್ಕಳ ಬೇಡಿಕೆಯಿತ್ತು. ಅವು ಬೆಚ್ಚನೆ ರಾತ್ರಿ ಕೇಳುವ ಗಿಡಗಳು, ನವೆಂಬರ್‌ನಲ್ಲಿ ಬಿತ್ತಿದರೆ ಗೇಣುದ್ದ ಎದ್ದು ಕೂತುಬಿಡುತ್ತವೆ. ಫೆಬ್ರುವರಿ ತನಕ ತಡೆಯಬೇಕು.

ಬಿತ್ತನೆ ಅಕ್ಟೋಬರ್ 24 ಮತ್ತು 25ರಂದು, ಸ್ವಾತಿ ಮಳೆಯ ದಿನಗಳು ಶುರುವಾಗುವಾಗ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಬೇಕು. ಹಿಂದಿನ ವರ್ಷ ಇಡೀ ಬೀಜ ಎರಡಿಂಚು ಆಳಕ್ಕೆ ಹೋಗಿತ್ತು. ಮೆಂತೆಯನ್ನು ಒಂದೇ ಸಲ ಬಿತ್ತದೆ ಹತ್ತು ದಿನಕ್ಕೊಂದು ಕಂತು, ಕಂತಿಗೆ 10 ಗ್ರಾಂ. ಗಜ್ಜರಿ ಬೀಜ ಹೊಟ್ಟಿನಷ್ಟು ಹಗುರ, ನಾಲ್ಕು ಪಾಲು ಉಸುಕಿನಲ್ಲಿ ಕಲಸಿ ಗೆರೆಗೆ ಉದುರಿಸಿ, ಮೇಲೆ ಒದ್ದೆ ಗೋಣಿತಟ್ಟು. ಅದು ಮೊಳೆಯಲು ಹತ್ತರಿಂದ ಹದಿನೈದು ದಿನ ಹಿಡಿಯುತ್ತದೆ, ಅಷ್ಟೂ ದಿನ ಮೇಲ್ಪದರ ಒಣಗಬಾರದು. ಆರನೇ ದಿನದಿಂದ ದಿನಾ ಎತ್ತಿ ನೋಡಿ, ಬಿಳಿ ಮೊಳಕೆ ಕಂಡ ಸಂಜೆಯೇ ತಟ್ಟು ತೆಗೆಯಬೇಕು. ಕಡಲೆಗೆ ಸಾಲು ಒಂದಡಿ, ಗಿಡದಿಂದ ಗಿಡಕ್ಕೆ ನಾಲ್ಕಿಂಚು. ಕಡಲೆ ಸವಳು ತಡೆಯದು, ನೀರೂ ಹೆಚ್ಚು ಕೇಳದು, ಎರೆಯೊಳಗಿನ ಹಸಿಯೇ ಅದಕ್ಕೆ ಬಹುಪಾಲು ಸಾಕು.

29ರ ರಾತ್ರಿ ಸ್ವಾತಿ ಮಳೆ ಸಿಡಿಲು ಸಮೇತ ಹೊಡೆಯಿತು. ಹೊಲದವರಿಗೆ ಅದು ಮುತ್ತು, ಹೊಸ ಮಡಿಗೆ ಪೆಟ್ಟು. ಮೆಂತೆ ನಾಲ್ಕೇ ದಿನಕ್ಕೆ ಎದ್ದಾಗಿತ್ತು, ಉಳಿಯಿತು. ಗೋಣಿಯಡಿಯ ಗಜ್ಜರಿಗೆ ಏನೂ ಆಗಲಿಲ್ಲ. ಬಯಲಿಗಿದ್ದ ಕೊತ್ತಂಬರಿ ಮೇಲೆ ಮಾತ್ರ ಎರಡು ದಿನದಲ್ಲಿ ಹಕ್ಕಳೆ ಕೂತಿತು. ಕುರ್ಚಿಗಿಯ ತುದಿಯಿಂದ ಗೀರಿ, ನಳದ ನೀರು ಝಾರಿಯಲ್ಲಿ ಚಿಮುಕಿಸಿದರೂ ಮೂರರಲ್ಲೊಂದು ಪಾಲಷ್ಟೇ ಎದ್ದಿತು. ನವೆಂಬರ್ 6ಕ್ಕೆ ಮತ್ತೆ ಬಿತ್ತಿ, ಈ ಸಲ ಕಡಲೆ ಹೊಟ್ಟು ತೆಳ್ಳಗೆ ಉದುರಿಸಲಾಯಿತು. ಗೋಣಿತಟ್ಟು ಗಜ್ಜರಿಗೆ ಮಾತ್ರ ಎಂದುಕೊಂಡದ್ದು ನಮ್ಮ ಲೆಕ್ಕದ ತಪ್ಪು. ಇಂಥ ಮಣ್ಣಿನಲ್ಲಿ ಸ್ವಾತಿ ಮುಗಿಯುವ ತನಕ ನಿಧಾನವಾಗಿ ಮೊಳೆಯುವ ಬೀಜಕ್ಕೆಲ್ಲ ಮುಚ್ಚಿಗೆ ಬೇಕು.

ನವೆಂಬರ್ 2ರ ಸಂಜೆ ಸಸಿ ನೆಟ್ಟದ್ದು: ಮೂರನೇ ಮಡಿಯಲ್ಲಿ ಎರಡು ಸಾಲು, ಅಡ್ಡಾದಿಡ್ಡಿಯಾಗಿ ಹತ್ತು ಟೊಮ್ಯಾಟೊ, ಎರಡು ತುದಿಗೆ ಎರಡೆರಡು ಚೆಂಡು ಹೂ. ಚೆಂಡು ಹೂವಿನ ಸಸಿ ಟೊಮ್ಯಾಟೊ ಸಸಿಗಿಂತ ಎರಡು ವಾರವಾದರೂ ಹಿರಿಯದಿರಬೇಕು. ಎರಡೂ ಒಟ್ಟಿಗೆ ಹೂ ಬಿಟ್ಟರಷ್ಟೇ ಕಾಯಿಕೊರಕದ ಪತಂಗ ಮೊದಲು ಚೆಂಡು ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ.

ನೀರಿನ ಲೆಕ್ಕ

ಪ್ರತಿ ಮಡಿಗೆ ಎರಡು ಹನಿ ಪೈಪು, ಅಡಿಗೊಂದು ಹನಿಗೂಡು, ಗಂಟೆಗೆ 2 ಲೀಟರಿನದು. ಮಡಿಗೆ ಇಪ್ಪತ್ತು ಗೂಡಾದರೆ ಗಂಟೆಗೆ 40 ಲೀಟರ್. ಗಿಡ ತುಂಬಿ ಬೆಳೆದಾಗ ಚಳಿಗಾಲದಲ್ಲಿ ಮಡಿಯೊಂದಕ್ಕೆ ದಿನಕ್ಕೆ 11 ಲೀಟರಿನಷ್ಟು ಸಾಕು. ದಿನಾ ಹದಿನೈದು ನಿಮಿಷ ಬಿಡುವ ಬದಲು ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ ಹತ್ತು ನಿಮಿಷ. ನೀರು ಆಳಕ್ಕಿಳಿಯುತ್ತದೆ, ಉಪ್ಪನ್ನೂ ಬೇರಿನ ಕೆಳಗೆ ತಳ್ಳುತ್ತದೆ. ಮಡಿಯಲ್ಲಿ ಬೆರಳ ಉಗುರು ಹೋಗುವಷ್ಟು ಬಿರುಕು ಕಂಡರೆ ನೀರು ಬಿಡುವ ಹೊತ್ತು. ಬೆರಳೇ ಹೋಗುವಷ್ಟಾದರೆ ಬೇರು ಹರಿದಾಗಿದೆ, ಬಿಟ್ಟ ನೀರೂ ಬಿರುಕಿನಲ್ಲೇ ಇಳಿದುಹೋಗುತ್ತದೆ. ಸಂಜೆ ಬೇಡ, ಬೆಳಗ್ಗೆ ಬಿಡಿ. ಸಸಿ ನಿಲ್ಲುವವರೆಗೆ ನಳದ ನೀರು, ಆಮೇಲೆ ಬೋರ್‌ವೆಲ್ ನೀರಾದರೂ ಎಲೆಗೆ ತಾಗದಂತೆ. ಹನಿಗೂಡಿನ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಬಿಚ್ಚಿ ಲಿಂಬಿ ರಸದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬಿಡುತ್ತದೆ.

ಹಳೆಯ ಗಿಡಗಳು

ಗುಲಾಬಿಯನ್ನು ಅಕ್ಟೋಬರ್ ನಡುವಿನಲ್ಲಿ ಒಂದೂವರೆ ಅಡಿಗೆ ಕತ್ತರಿಸಿ ನಾಲ್ಕೈದು ಗಟ್ಟಿ ಕಡ್ಡಿ ಉಳಿಸಲಾಯಿತು. ಲಿಂಬಿ, ಗುಲಾಬಿ ಎರಡರಲ್ಲೂ ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣವಿದೆ, ಸುಣ್ಣ ಬಿಟ್ಟುಕೊಡುವುದಿಲ್ಲ. ಬುಡಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸುರಿದರೆ ಅದೂ ಅಲ್ಲೇ ಕಟ್ಟಿಹೋಗುತ್ತದೆ. ಲೀಟರ್ ನಳದ ನೀರಿಗೆ ಅನ್ನಭೇದಿ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ ಇಳಿಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಹಳೆ ಎಲೆ ಹಳದಿಯಾಗಿ ಎಳೆಯವು ಹಸಿರಿದ್ದರೆ ಅದು ಸಾರಜನಕದ ಹಸಿವು, ಇದಕ್ಕೆ ಸಂಬಂಧವಿಲ್ಲ.

ಸೇವಂತಿಗೆ ಕುಂಡಗಳದ್ದು ವಿಚಿತ್ರ. ಆರರಲ್ಲಿ ನಾಲ್ಕು ಹಿಂದಿನ ವರ್ಷ ಹೂವನ್ನೇ ಬಿಟ್ಟಿರಲಿಲ್ಲ, ಗೊಬ್ಬರ ಸಾಲದೆಂದು ಇನ್ನಷ್ಟು ಸುರಿದಿದ್ದರು. ಆ ನಾಲ್ಕೂ ಇದ್ದದ್ದು ರಾತ್ರಿಯಿಡೀ ಉರಿಯುವ ಎಲ್‌ಇಡಿ ಬಲ್ಬಿನ ಕೆಳಗೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ, ಬಲ್ಬು ಉರಿದರೆ ಅದರ ಪಾಲಿಗೆ ರಾತ್ರಿಯೇ ಆಗಿರುವುದಿಲ್ಲ. ಸೆಪ್ಟೆಂಬರ್‌ನಲ್ಲೇ ಕುಂಡಗಳನ್ನು ಪೂರ್ವದ ಕತ್ತಲೆ ಗೋಡೆಗೆ ಸರಿಸಲಾಯಿತು. ಆರೂ ಹೂ ಬಿಟ್ಟವು.

ದುಂಡು ಮಲ್ಲಿಗೆಗೆ ನವೆಂಬರ್ ನಡುವಿನಿಂದ ನೀರು ನಿಲ್ಲಿಸಿ, ತಿಂಗಳ ಕೊನೆಗೆ ಒಂದೂವರೆ ಅಡಿಗೆ ಸವರಿ, ಉಳಿದ ಎಲೆ ಉದುರಿಸಲಾಯಿತು.

ಜನವರಿಯಲ್ಲಿ

ಹತ್ತು ಟೊಮ್ಯಾಟೊದಲ್ಲಿ ಎರಡಕ್ಕೆ ಎಲೆ ಮುಟುರಿತು, ಕಂಡ ದಿನವೇ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಲಾಯಿತು. ಕಡಲೆಯ ಕುಡಿ ತಿಂಗಳಿಗೆ ಚಿವುಟಿದ್ದರಿಂದ ಒಂದು ಹೊತ್ತಿನ ಪಲ್ಯವೂ ಆಯಿತು, ಕವಲೂ ಹೆಚ್ಚಿದವು. ಭೋಗಿಗೆ ಬದನೆ, ಸುಲಗಾಯಿ, ಮೆಂತೆ, ಹಸಿ ಉಳ್ಳಾಗಡ್ಡಿ ಹಿತ್ತಲಿನಿಂದಲೇ ಬಂದವು. ಗಜ್ಜರಿ ಕಿರುಬೆರಳಿನಷ್ಟಿತ್ತು, ಅದನ್ನು ಸಂತೆಯಿಂದಲೇ ತರಬೇಕಾಯಿತು. ಹದಿನೈದು ದಿನ ಬಿಟ್ಟು ಕಿತ್ತಾಗ ಬಹುಪಾಲು ನೆಟ್ಟಗಿದ್ದವು.

ಆಗ್ನೇಯ ಮೂಲೆಯಲ್ಲಿ, ಸಿಮೆಂಟ್ ಪುಡಿ ಬಿಟ್ಟಿದ್ದ ಕಡೆ, ನಾಲ್ಕನೇ ಮಡಿಯ ಕೊನೆಯ ಎರಡಡಿ ಇಳಿದು ತಗ್ಗಾಗಿದೆ, ಅಲ್ಲಿನ ಮೂರು ಬದನೆ ಗಿಡ ಮೊಣಕಾಲೆತ್ತರಕ್ಕೆ ನಿಂತಿವೆ. ಪಾಯಕ್ಕೆ ತಾಗದಂತೆ ಒಂದಡಿ ಬಿಟ್ಟು ಆ ಪುಡಿ ಕೆರೆಯಲು ಮನೆಯವರು ಈಗ ಒಪ್ಪಿದ್ದಾರೆ. ನೆಲ ಪೂರ್ತಿ ಒಣಗಿರುವ ಏಪ್ರಿಲ್‌ನಲ್ಲಿ ಆ ಕೆಲಸ.